ಕ್ರೀಟ್ ದ್ವೀಪದ ಗಿರಿಕನ್ಯೆ

ಯವನರ ದೇವತೆಗಳನ್ನು ಕುರಿತ ಕೋಶಗಳನ್ನು ತೆರೆದು ನೋಡಿದರೆ ಬ್ರಿಟೊಮಾರ್ಟಿಸ್ ಎಂಬ ಹೆಸರಿನ ಎದುರಿಗೆ ಸಾಮಾನ್ಯವಾಗಿ ನಾಲ್ಕಾರು ಪಂಕ್ತಿಗಳ ವಿವರಣೆ ದೊರೆಯುವುದು. ಈಕೆ ಕ್ರೀಟ್ ದ್ವೀಪದ ಒಬ್ಬ ಗಿರಿಕನ್ಯೆ. ಬೇಟೆಯ ದೇವತೆಯಾದ ಆರ್ಟೆಮಿಸಳ ಸಖಿ. ಮಿನೋಸ್ ರಾಜನ ಕಾಮಕ್ಕೆ ಅಂಜಿ ಕಡಿದಾದ ಬಂಡೆಯಿಂದ ಸಮುದ್ರಕ್ಕೆ ಹಾರಿದವಳು. ಓದುಗನು ಇಷ್ಟನ್ನು ತಿಳಿದು ಮುಂದಿನ ಹೆಸರಿಗೆ ಹೋಗುವುದು ವಾಡಿಕೆ. ಆದರೆ ಕೊಂಚ ನಿಂತು ವಿಚಾರಿಸಿದರೆ ಒಂದು ಸಂದೇಹವು ಹುಟ್ಟದೆ ಇರದು. ಈ ಸಖಿಗೆ ಪ್ರತ್ಯೇಕವಾದ ದೇವಾಲಯಗಳಿದ್ದವು. ಊರಿನ ತರುಣರು ಈಕೆಯ ಹೆಸರಿನಲ್ಲಿ ಆಣೆಯಿಡುತ್ತಿದ್ದರು. ಈಕೆಯ ಭಂಡಾರದ ಹಣವು ಲೋಕೋಪಯೋಗಿ ಕಾರ್ಯಗಳಿಗೆ ವಿನಿಯೋಗವಾಗುತ್ತಿತ್ತು. ಪರಿವಾರದಲ್ಲಿ ಒಬ್ಬಳಾದವಳಿಗೆ ಇಷ್ಟು ಮರ್ಯಾದೆ ಎಲ್ಲಿಂದ ಬಂದಿತು? ಅಥವಾ ಮೊದಲು ಸ್ವತಂತ್ರಳಾಗಿದ್ದ ಒಬ್ಬ ದೇವತೆಯನ್ನು ಕಥೆಗಾರರು ಪರಿವಾರದ ಸಾಲಿಗೆ ಇಳಿಸಿದರೋ? ಈ ಪ್ರಶ್ನೆಗೆ ಗ್ರಂಥಗಳಿಂದಲೂ ಶಿಲಾಶಾಸನಗಳಿಂದಲೂ ಯಾವ ಉತ್ತರವು ದೊರೆಯುತ್ತದೆಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಮೊದಲು ಶಬ್ದದ ವಿಷಯವಾಗಿ ಒಂದೆರಡು ಮಾತು. ಯವನಭಾಷೆಯ 'ನಿಂಫೆ' ಎಂಬ ಪದಕ್ಕೆ ವಧು, ಪ್ರಾಯದ ಹೆಣ್ಣು ಎಂದು ಅರ್ಥ. ಬುಗ್ಗೆ, ನದಿ, ಮರ, ಬೆಟ್ಟ ಮೊದಲಾದವುಗಳಲ್ಲಿ ನೆಲೆಸಿರುವ ಸ್ತ್ರೀದೇವತೆಗಳಿಗೂ ಅದೇ ಹೆಸರು. ಅವರೊಳಗೆ ಬೆಟ್ಟದವರಿಗೆ, ಪರ್ವತವಾಚಕವಾದ 'ಒರೋಸ್' ಎಂಬ ಪದದಿಂದ, 'ಒರೆಯಾಡ್'ಗಳೆಂದು ಹೆಸರಾಯಿತು. ಇವರನ್ನು ಅಪ್ಸರೆಯರೆಂದು ಭಾಷಾಂತರಿಸುವ ಪದ್ಧತಿಯುಂಟು. ಅದು ಅಷ್ಟು ಸರಿಯೆಂದು ತೋರುವುದಿಲ್ಲ. ನಮ್ಮ ಪುರಾಣಗಳ ಅಪ್ಸರೆಯರು ದೇವೇಂದ್ರನ ಸಭೆಗೆ ಸೇರಿದವರು, ಬೇಕೆಂದಾಗ ಭೂಲೋಕಕ್ಕೆ ಇಳಿದು ಬರತಕ್ಕವರು. ಯವನರ ಈ ಕನ್ಯೆಯರಾದರೋ ತಮ್ಮ ತಮ್ಮ ಸ್ಥಳವನ್ನು ಬಿಟ್ಟವರಲ್ಲ. ಮರವು ಬಿದ್ದರೆ ಆ ಮರದ ದೇವತೆಯೂ ಅಳಿಯುವಳೆಂದು ಯವನ ಕವಿಗಳು ಹಾಡಿರುವರು. ಆದುದರಿಂದ ಇಲ್ಲಿ 'ಗಿರಿಕನ್ಯೆ' ಎಂಬ ಮಾತನ್ನೇ ಬಳಸುವೆನು.

ಇನ್ನು ಕಥೆ. ಇದನ್ನು ನಮಗೆ ಉಳಿಸಿಕೊಟ್ಟವರಲ್ಲಿ ಮುಖ್ಯನು ಕ್ರಿ. ಪೂ. 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾ ನಗರದಲ್ಲಿ ಟಾಲೆಮಿ ಅರಸರ ಆಶ್ರಯದಲ್ಲಿದ್ದ ಕ್ಯಾಲಿಮಾಕಸ್ ಎಂಬ ಪಂಡಿತಕವಿ. ಆರ್ಟೆಮಿಸಳನ್ನು ಕುರಿತ ತನ್ನ ಸ್ತೋತ್ರದಲ್ಲಿ ಆತನು ಹೇಳುವುದೇನೆಂದರೆ: ಕನ್ಯೆಯರೆಲ್ಲರೊಳಗೆ ಆರ್ಟೆಮಿಸಳಿಗೆ ಹೆಚ್ಚು ಪ್ರಿಯಳಾದವಳು ಗೋರ್ಟಿನ್ ಪ್ರಾಂತದ ಬ್ರಿಟೊಮಾರ್ಟಿಸ್. ಅವಳು ಗುರಿತಪ್ಪದ ಬೇಟೆಗಾತಿ. ಮಿನೋಸ್ ರಾಜನು ಅವಳಲ್ಲಿ ಮೋಹಗೊಂಡು ಕ್ರೀಟಿನ ಬೆಟ್ಟಗಳನ್ನೆಲ್ಲ ಅಲೆದನು. ಅವಳು ಒಮ್ಮೆ ಓಕ್ ಮರಗಳ ಪೊದರಿನಲ್ಲಿ, ಒಮ್ಮೆ ಜೌಗುನೆಲದಲ್ಲಿ ಅಡಗಿದಳು. ಒಂಬತ್ತು ತಿಂಗಳು ಈ ಬೆನ್ನಟ್ಟುವಿಕೆ ನಡೆಯಿತು. ಕಡೆಗೆ ಕೈಗೆ ಸಿಕ್ಕುವಷ್ಟರಲ್ಲಿ ಅವಳು ಬೆಟ್ಟದ ತುದಿಯಿಂದ ಸಮುದ್ರಕ್ಕೆ ಹಾರಲು, ಬೆಸ್ತರು ಬೀಸಿದ್ದ ಬಲೆಗಳಲ್ಲಿ ಬಿದ್ದು ಬದುಕಿದಳು. ಯವನಭಾಷೆಯಲ್ಲಿ ಬಲೆಗೆ 'ಡಿಕ್ಟಿಯೋನ್' ಎಂದು ಹೆಸರು. ಆದುದರಿಂದ ಕೈಡೋನಿಯಾ ಪಟ್ಟಣದವರು ಅವಳನ್ನು ಡಿಕ್ಟಿನ್ನಾ ಎಂದೂ, ಅವಳು ಹಾರಿದ ಬೆಟ್ಟವನ್ನು ಡಿಕ್ಟೆ ಎಂದೂ ಕರೆದು, ಅಲ್ಲಿ ಬಲಿಪೀಠವನ್ನು ಸ್ಥಾಪಿಸಿ ಪೂಜಿಸುವರಂತೆ. ಪೂಜೆಯ ದಿವಸ ಪೈನ್ ಮರದ ಎಲೆಯನ್ನೋ, ಮಾಸ್ಟಿಕ್ ಎಂಬ ಅಂಟುಗಿಡದ ಎಲೆಯನ್ನೋ ಮುಡಿಯಬೇಕು; ಮಿರ್ಟಲ್ ಗಿಡವನ್ನು ಮಾತ್ರ ಕೈಯಿಂದ ಮುಟ್ಟಲಾಗದು. ಏಕೆಂದರೆ ಓಡುವಾಗ ಅವಳ ಸೆರಗಿಗೆ ಸಿಕ್ಕಿ ತಡೆದದ್ದು ಒಂದು ಮಿರ್ಟಲ್ ಕೊಂಬೆಯೇ.

ಕಥೆ ಸೊಗಸಾಗಿದೆ, ಕವಿಯೂ ಸಾಮಾನ್ಯನಲ್ಲ. ಆದರೆ ಪ್ರಾಚೀನರು ಇದನ್ನು ಪ್ರಶ್ನೆಯಿಲ್ಲದೆ ಒಪ್ಪಿಕೊಂಡರೆಂದು ತಿಳಿಯಬಾರದು. ಯವನರಲ್ಲಿಯೇ ಇಬ್ಬರು ಇದಕ್ಕೆ ಆಕ್ಷೇಪವೆತ್ತಿದರು. ಇಬ್ಬರ ದಾರಿಯೂ ಬೇರೆ ಬೇರೆ.

ಮೊದಲನೆಯವನು ಕ್ರಿ. ಪೂ. 1ನೆಯ ಶತಮಾನದ ಡಿಯೊಡೋರಸ್. ಸಿಸಿಲಿ ದ್ವೀಪದವನು, ಸಮಸ್ತ ಲೋಕದ ಇತಿಹಾಸವನ್ನು ಬರೆಯಲು ಸಾಹಸಮಾಡಿದವನು. ಬ್ರಿಟೊಮಾರ್ಟಿಸಳು ದೇವಾಧಿದೇವನಾದ ಸ್ಯೂಸನಿಗೂ ಕಾರ್ಮೆ ಎಂಬುವಳಿಗೂ ಹುಟ್ಟಿದ ಮಗಳೆಂದೂ, ಬೇಟೆಯ ಬಲೆಯನ್ನು ಮೊದಲು ಕಂಡುಹಿಡಿದವಳಾದುದರಿಂದಲೇ ಅವಳಿಗೆ ಡಿಕ್ಟಿನ್ನಾ ಎಂಬ ಹೆಸರು ಬಂದಿತೆಂದೂ ಅವನ ಮತ. ಮಿನೋಸನಿಗೆ ಅಂಜಿ ಬೆಸ್ತರ ಬಲೆಗೆ ಬಿದ್ದಳೆಂಬ ಮಾತನ್ನು ಅವನು ಖಂಡಿಸುವನು. ಪರಮದೇವನ ಮಗಳಾದ ದೇವತೆಗೆ ಮನುಷ್ಯರ ನೆರವನ್ನು ಹಾರೈಸುವ ದೈನ್ಯವು ಬಂದಿತೆನ್ನುವುದು ಯುಕ್ತವಲ್ಲ. ನ್ಯಾಯಕ್ಕೆ ಹೆಸರಾದ ಮಿನೋಸನಿಗೆ ಅಂತಹ ಪಾಪಬುದ್ಧಿಯನ್ನು ಆರೋಪಿಸುವುದೂ ಯುಕ್ತವಲ್ಲ ಎಂಬುದು ಅವನ ವಾದದ ಸಾರಾಂಶ. ಇದು ಔಚಿತ್ಯವನ್ನು ಹಿಡಿದ ವಾದ. ಇತಿಹಾಸದ ದೃಷ್ಟಿಯಿಂದ ಇದಕ್ಕೆ ಬಲವು ಕಡಮೆ. ಪುರಾಣಗಳಲ್ಲಿ ಅನುಚಿತವಾದದ್ದು ಏನೂ ನಡೆಯಲಾರದೆಂದು ಹೇಳುವುದಕ್ಕಾಗುವುದೆ? ಆದರೂ ಈ ವಾದದಿಂದ ಒಂದು ಸಂಗತಿಯು ಸ್ಪಷ್ಟವಾಗುವುದು. ಡಿಯೊಡೋರಸನ ಕಣ್ಣಿಗೆ ಬ್ರಿಟೊಮಾರ್ಟಿಸ್ ಓಡಿಹೋಗುವ ಹುಡುಗಿಯಲ್ಲ, ಪೂರ್ಣಾರ್ಥದಲ್ಲಿ ದೇವತೆ.

ಎರಡನೆಯವನು ಕ್ರಿಸ್ತಶಕದ ಆರಂಭಕಾಲದಲ್ಲಿದ್ದ ಭೂಗೋಳಶಾಸ್ತ್ರಜ್ಞ ಸ್ಟ್ರಾಬೊ. ಇವನು ಔಚಿತ್ಯದ ಗೊಡವೆಗೆ ಹೋಗದೆ ದಾರಿಯನ್ನು ಅಳೆದು ನೋಡುವನು. ಕ್ರೀಟ್ ಪೂರ್ವಪಶ್ಚಿಮವಾಗಿ ಸುಮಾರು 160 ಮೈಲಿ ಉದ್ದವಾಗಿರುವ ದ್ವೀಪ. ಡಿಕ್ಟೆ ಎಂಬ ಬೆಟ್ಟವಿರುವುದು ಪೂರ್ವಭಾಗದಲ್ಲಿ. ಕೈಡೋನಿಯಾ ಪಟ್ಟಣವಿರುವುದು ಪಶ್ಚಿಮದ ಕೊನೆಯ ಕಡೆಗೆ. ನಡುವೆ ಇರುವ ಐಡಾ ಪರ್ವತದಿಂದಲೇ ಡಿಕ್ಟೆಗೆ 1000 ಸ್ಟೇಡಿಯಗಳ ದೂರವೆಂದು ಅವನ ಲೆಕ್ಕ. ಹಾಗಿರುವಲ್ಲಿ ಡಿಕ್ಟೆಯಿಂದ ಹಾರಿದವಳಿಗೆ ಕೈಡೋನಿಯಾದವರು ಹೆಸರಿಡುವುದೆಂತು? ಕೈಡೋನಿಯಾದ ಬಳಿ ಡಿಕ್ಟಿನ್ನಾ ದೇವಿಯ ಗುಡಿಯಿರುವುದು ನಿಜ. ಆದರೆ ಅದು ಟಿಟಿರೋಸ್ ಎಂಬ ಬೇರೊಂದು ಬೆಟ್ಟದ ಮೇಲೆ ಇದೆ. ಕ್ಯಾಲಿಮಾಕಸನು ತಪ್ಪು ಹೇಳಿದನೆಂದು ಸ್ಟ್ರಾಬೊ ಖಂಡಿತವಾಗಿ ಬರೆದಿರುವನು.

ಈ ಎರಡನೆಯ ಆಕ್ಷೇಪವು ಬಲವಾದದ್ದು. ಇದರಿಂದ ಏನು ಸಿದ್ಧಿಸುವುದು? ಕಥೆಯಿಂದ ಹೆಸರು ಹುಟ್ಟಲಿಲ್ಲ; ಹೆಸರಿಗಾಗಿ ಕಥೆ ಹುಟ್ಟಿತು. 'ಡಿಕ್ಟಿನ್ನಾ' ಎಂಬ ಹಳೆಯ ಹೆಸರೊಂದಿತ್ತು. ಅದರ ಅರ್ಥವು ಯವನಭಾಷೆಯವರಿಗೆ ತಿಳಿಯದು. ತಮ್ಮ ಭಾಷೆಯಲ್ಲಿ ಬಲೆಗೆ ಇರುವ ಶಬ್ದವು ಕಿವಿಗೆ ಹಾಗೆಯೇ ಕೇಳಿಸಿತು. ಬಲೆಯು ಬಂದ ಮೇಲೆ ಬಲೆಗೆ ಬೀಳುವ ಸಂದರ್ಭವು ಬೇಕಾಯಿತು, ಬೀಳುವುದಕ್ಕೆ ಹಾರಬೇಕು, ಹಾರುವುದಕ್ಕೆ ಭಯವಿರಬೇಕು, ಭಯಕ್ಕೆ ಬೆನ್ನಟ್ಟುವವನೊಬ್ಬನಿರಬೇಕು. ಮಿರ್ಟಲ್ ಗಿಡವನ್ನು ಮುಟ್ಟದಿರುವ ಆಚಾರವೂ ಹೀಗೆಯೇ. ಆ ಗಿಡವು ಕಾಮದೇವತೆಯಾದ ಅಫ್ರೊಡೈಟಿಗೆ ಮೀಸಲಾದದ್ದು. ಕನ್ಯಾದೇವತೆಯ ಪೂಜೆಯಲ್ಲಿ ಅದು ವರ್ಜ್ಯವೆನ್ನಲು ಸೆರಗು ಸಿಕ್ಕಿದ ಕಥೆಯೇ ಬೇಕೆಂದಿಲ್ಲ. ಶಬ್ದದ ಸದೃಶವಾದ ಧ್ವನಿಯನ್ನು ಹಿಡಿದು ನಿರ್ವಚನ ಮಾಡುವುದು ನಿರುಕ್ತವನ್ನು ಓದಿದವರಿಗೂ ಸ್ಥಳಪುರಾಣಗಳನ್ನು ಕೇಳಿದವರಿಗೂ ಅಪರಿಚಿತವಾದ ರೀತಿಯಲ್ಲ. ಅಂತಹ ನಿರ್ವಚನವನ್ನು ಹಳಿಯಬೇಕಾಗಿಲ್ಲ. ಆದರೆ ಅದನ್ನೇ ಚರಿತ್ರೆಯೆಂದು ಎಣಿಸಲೂ ಬಾರದು.

ಹಾಗಾದರೆ ಬ್ರಿಟೊಮಾರ್ಟಿಸ್ ಎಂಬ ಇನ್ನೊಂದು ಹೆಸರಿಗೆ ಅರ್ಥವೇನು? ಲ್ಯಾಟಿನ್ ಗ್ರಂಥಕಾರನಾದ ಸೊಲಿನಸನು, ಕ್ರೀಟಿನವರು ತಮ್ಮ ಭಾಷೆಯಲ್ಲಿ ಡಯಾನಾ ದೇವಿಯನ್ನು ಹೀಗೆ ಕರೆಯುವರೆಂದೂ, ಅದಕ್ಕೆ 'ಮಧುರಕನ್ಯೆ' ಎಂದು ಅರ್ಥವೆಂದೂ ಬರೆದಿರುವನು. ಹೆಸೀಕಿಯಸನ ಪ್ರಾಚೀನ ನಿಘಂಟಿನಲ್ಲಿಯೂ 'ಬ್ರಿಟು' ಎಂದರೆ ಕ್ರೀಟಿನವರ ಮಾತಿನಲ್ಲಿ ಸಿಹಿ ಎಂದಿದೆ. ಈ ಶಬ್ದವು ಯವನಭಾಷೆಯದಲ್ಲ, ಅದಕ್ಕಿಂತ ಹಿಂದೆ ಆ ದ್ವೀಪದಲ್ಲಿದ್ದ ಜನರ ಭಾಷೆಯದೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಹೆಸರಿನ ಅರ್ಥವನ್ನು ಗಮನಿಸಬೇಕು. ಇದು ಬಿರುದೇ ಹೊರತು ಅಂಕಿತನಾಮದಂತೆ ತೋರುವುದಿಲ್ಲ. ಉಗ್ರವಾದ ಶಕ್ತಿಯನ್ನು ಮಂಗಳಕರವಾದ ಮಾತಿನಿಂದ ಕರೆಯುವ ಪದ್ಧತಿಯು ಅನೇಕ ಜನಾಂಗಗಳಲ್ಲಿ ಉಂಟು. ಯವನರೂ ತಮ್ಮ ಪ್ರತೀಕಾರದೇವತೆಗಳನ್ನು 'ಸುಪ್ರಸನ್ನೆಯರು' ಎಂದು ಕರೆಯುತ್ತಿದ್ದರು. ಬೆಟ್ಟ, ಕಾಡು, ಮೃಗ, ಬಿರುಗಾಳಿ ಇವುಗಳಿಗೆ ಒಡತಿಯಾದವಳನ್ನು 'ಮಧುರಕನ್ಯೆ' ಎಂದು ಕರೆದ ಜನರು ಅವಳಿಗೆ ಅಂಜುತ್ತಿದ್ದರೆಂದು ಊಹಿಸಿದರೆ ತಪ್ಪಾಗಲಾರದು.

ಆ ಹಿಂದಿನ ಜನರ ವಿಷಯವು ಬಹುಕಾಲ ಕಥೆಯಾಗಿಯೇ ಉಳಿದಿತ್ತು. 1900ರಲ್ಲಿ ಆರ್ಥರ್ ಈವಾನ್ಸ್ ಎಂಬ ಆಂಗ್ಲ ವಿದ್ವಾಂಸನು ಕ್ರೀಟಿನ ಕ್ನೋಸಸ್ ಎಂಬಲ್ಲಿ ನೆಲವನ್ನು ಅಗೆಯಿಸಲು ಆರಂಭಿಸಿದ ಮೇಲೆ ಅವರ ಅರಮನೆಗಳೂ ಮುದ್ರೆಗಳೂ ಬೆಳಕಿಗೆ ಬಂದವು. ಜುಕ್ಟಸ್, ಪೆಟ್ಸೊಫಾಸ್ ಮೊದಲಾದ ಬೆಟ್ಟಗಳ ನೆತ್ತಿಯ ಮೇಲೆ ಅವರು ಪೂಜಾಸ್ಥಳಗಳನ್ನು ಇಟ್ಟುಕೊಂಡಿದ್ದರೆಂಬುದೂ, ಭಕ್ತರು ಮಣ್ಣಿನ ಬೊಂಬೆಗಳನ್ನು ಅಲ್ಲಿ ಹರಕೆಯಾಗಿ ಒಪ್ಪಿಸುತ್ತಿದ್ದರೆಂಬುದೂ ಗೊತ್ತಾಯಿತು. ಕ್ನೋಸಸಿನಲ್ಲಿ ದೊರೆತ ಒಂದು ಮುದ್ರೆಯ ಗುರುತು ಲೋಕಪ್ರಸಿದ್ಧವಾಗಿದೆ. ಅದರಲ್ಲಿ ಬೆಟ್ಟದ ಶಿಖರದ ಮೇಲೆ ಒಬ್ಬ ಸ್ತ್ರೀಯು ಕೈಯಲ್ಲಿ ದಂಡವನ್ನು ಚಾಚಿ ನಿಂತಿರುವಳು. ಎರಡು ಪಕ್ಕಗಳಲ್ಲಿಯೂ ಸಿಂಹಗಳು. ಎದುರಿಗೆ ಒಬ್ಬ ಪುರುಷನು ಭಕ್ತಿಯಿಂದ ನಿಂತಿರುವನು. ಆ ಜನರು ಬರೆದ ರೇಖಾಲಿಪಿ 'ಎ' ಎಂಬ ಬರಹವನ್ನು ಇಂದಿಗೂ ಯಾರೂ ಓದಿಲ್ಲ. ಆದಕಾರಣ ಈ ಸ್ತ್ರೀಯೇ ಬ್ರಿಟೊಮಾರ್ಟಿಸ್ ಎಂದು ಹೇಳುವುದು ಸಾಹಸವಾದೀತು. ಆದರೆ ಆ ದ್ವೀಪದಲ್ಲಿ ಬೆಟ್ಟದ ಮೇಲೆ ನಿಂತ ದೇವಿಯು ಯಾರ ಸಖಿಯೂ ಆಗಿರಲಿಲ್ಲ, ಪುರುಷನೇ ಅವಳೆದುರಿಗೆ ತಲೆಬಾಗಿ ನಿಲ್ಲುತ್ತಿದ್ದನು ಎಂಬುದಕ್ಕೆ ಈ ಮುದ್ರೆಗಿಂತ ಬೇರೆ ಸಾಕ್ಷಿ ಬೇಕಿಲ್ಲ. 1952ರಲ್ಲಿ ಮೈಕೆಲ್ ವೆಂಟ್ರಿಸ್ ಎಂಬುವನು ರೇಖಾಲಿಪಿ 'ಬಿ'ಯನ್ನು ಓದಿ, ಅದರ ಭಾಷೆ ಯವನಭಾಷೆಯೆಂದು ತೋರಿಸಿದನು. ಕ್ನೋಸಸಿನ ಆ ಮಣ್ಣಿನ ಫಲಕಗಳಲ್ಲಿ ಡಿಕ್ಟೆ ಎಂಬ ಸ್ಥಳನಾಮವೂ ಡಿಕ್ಟೆಯ ಸ್ಯೂಸನ ಹೆಸರೂ ಕಂಡುಬಂದಿವೆ. ಎಂದರೆ ಕ್ಯಾಲಿಮಾಕಸನಿಗಿಂತ ಸಾವಿರ ವರ್ಷಗಳ ಹಿಂದೆಯೇ ಡಿಕ್ಟೆ ಎಂಬ ಹೆಸರು ಇತ್ತು. ಬೆಸ್ತರ ಬಲೆಗಾಗಿ ಅದು ಕಾದಿರಲಿಲ್ಲ. ಯವನಭಾಷೆಯವರು ಕ್ರೀಟಿಗೆ ಒಡೆಯರಾದ ಮೇಲೆ ಹಳೆಯ ದೇವರುಗಳು ಅಳಿಯಲಿಲ್ಲ; ಹೊಸ ದೇವರುಗಳ ಮನೆಯಲ್ಲಿ ಅವರಿಗೊಂದು ಸ್ಥಾನವನ್ನು ಹುಡುಕಬೇಕಾಯಿತು. ಬೇಟೆಯ ಕನ್ಯೆಯಾದ ಆರ್ಟೆಮಿಸಳು ಇದ್ದಳಷ್ಟೆ. ಬೇಟೆಯ ಕನ್ಯೆಯಾದ ಇನ್ನೊಬ್ಬಳನ್ನು ಅವಳ ಸಖಿಯನ್ನಾಗಿ ಮಾಡುವುದು ಸುಲಭವಾಯಿತು.

ಹೀಗೆ ಗ್ರಂಥಗಳಲ್ಲಿ ಅವಳ ಸ್ಥಾನವು ಇಳಿಯಿತು. ಊರಿನವರ ಬಾಯಲ್ಲಿ ಇಳಿಯಿತೆ? ಇದಕ್ಕೆ ಉತ್ತರವನ್ನು ಹೇಳುವುದು ಕ್ರೀಟಿನ ಡ್ರೆರೋಸ್ ಎಂಬ ಚಿಕ್ಕ ಪಟ್ಟಣದ ಒಂದು ಶಾಸನ. 19ನೆಯ ಶತಮಾನದಲ್ಲಿ ದೊರೆತ ಈ ಶಿಲೆಯು ಕ್ಯಾಲಿಮಾಕಸನ ಕಾಲಕ್ಕೆ ತೀರ ದೂರವಾದದ್ದಲ್ಲ. ಅದರಲ್ಲಿ ಆ ಊರಿನ 180 ಮಂದಿ ತರುಣರು, ನೆರೆಯ ಲಿಟ್ಟೋಸ್ ಪಟ್ಟಣಕ್ಕೆ ಎಂದಿಗೂ ಮಿತ್ರರಾಗುವುದಿಲ್ಲವೆಂದೂ, ತಮ್ಮ ಊರಿಗೂ ಕ್ನೋಸಸಿಗೂ ದ್ರೋಹಬಗೆಯುವುದಿಲ್ಲವೆಂದೂ ಮಾಡಿದ ಪ್ರತಿಜ್ಞೆಯಿದೆ. ಒಬ್ಬೊಬ್ಬನೂ ಒಂದೊಂದು ಆಲಿವ್ ಗಿಡವನ್ನು ನೆಟ್ಟು ಬೆಳೆಸಬೇಕೆಂಬ ಕಟ್ಟಳೆಯನ್ನೂ ಅದರಲ್ಲಿ ಬರೆದಿದೆ. ನಮ್ಮ ಶಾಸನಗಳ ಕೊನೆಯಲ್ಲಿ ಸೂರ್ಯಚಂದ್ರರನ್ನು ಸಾಕ್ಷಿಗೆ ಕರೆಯುವಂತೆ ಇಲ್ಲಿಯೂ ದೇವತೆಗಳ ಸಾಲೊಂದನ್ನು ಕೊಟ್ಟಿದೆ. ಆ ಸಾಲಿನಲ್ಲಿ ಸ್ಯೂಸ್, ಅಪೊಲೊ, ಅಥೀನಾ, ಲೇಟೊ, ಆರ್ಟೆಮಿಸ್, ಆರೀಸ್, ಅಫ್ರೊಡೈಟಿ, ಹರ್ಮೀಸ್, ಸೂರ್ಯ ಇವರ ತರುವಾಯ ಬ್ರಿಟೊಮಾರ್ಟಿಸಳ ಹೆಸರು ಪ್ರತ್ಯೇಕವಾಗಿ ಬರುವುದು. ಆರ್ಟೆಮಿಸಳನ್ನು ಹೇಳಿದ ಮೇಲೂ ಇವಳನ್ನು ಬೇರೆಯಾಗಿ ಹೇಳಿರುವುದರಿಂದ ಇಬ್ಬರೂ ಒಬ್ಬಳೇ ಅಲ್ಲ. ಬುಗ್ಗೆಗಳನ್ನೂ ನದಿಗಳನ್ನೂ ಸಾಲಿನ ಕೊನೆಯಲ್ಲಿ ಹೆಸರಿಲ್ಲದೆ ಗುಂಪಾಗಿ ಹೇಳಿದೆ. ಇವಳನ್ನು ಆ ಗುಂಪಿಗೆ ಸೇರಿಸಿಲ್ಲ. ಆಣೆಯೆಂಬುದು ಕಾವ್ಯವಲ್ಲ. ಯಾರ ಕೋಪಕ್ಕೆ ನಿಜವಾಗಿ ಅಂಜುವೆವೋ ಅವರ ಹೆಸರಿನಲ್ಲಿಯೇ ಆಣೆಯಿಡುವೆವು. ಡ್ರೆರೋಸಿನ ತರುಣರು ಓಡಿಹೋದ ಹುಡುಗಿಯೊಬ್ಬಳ ಹೆಸರಿನಲ್ಲಿ ಯುದ್ಧಪ್ರತಿಜ್ಞೆಯನ್ನು ಮಾಡಿದರೆಂದು ನಂಬಬಹುದೆ?

ಇನ್ನೊಂದು ಸಾಕ್ಷಿಯು ಕ್ರೀಟಿನಿಂದ ಹೊರಗೆ, ಅಥೆನ್ಸ್ ನಗರಕ್ಕೆ ಎದುರಾಗಿರುವ ಇಜೈನಾ ದ್ವೀಪದಲ್ಲಿದೆ. ಕ್ರಿ. ಶ. 2ನೆಯ ಶತಮಾನದ ಯಾತ್ರಿಕನಾದ ಪೌಸೇನಿಯಸನು ಆ ದ್ವೀಪದಲ್ಲಿ ಅಫಾಯಾ ಎಂಬ ದೇವಿಯ ಗುಡಿಯನ್ನು ಕಂಡು, ಬ್ರಿಟೊಮಾರ್ಟಿಸಳೇ ಇಲ್ಲಿ ಅಫಾಯಾ ಎನಿಸಿಕೊಂಡಳೆಂದೂ, ಪಿಂಡಾರ್ ಕವಿಯು ಅವಳನ್ನು ಕುರಿತು ಒಂದು ಗೀತವನ್ನು ರಚಿಸಿದನೆಂದೂ ಬರೆದಿರುವನು. ಇಲ್ಲಿಯೂ ಹೆಸರಿಗೆ ಕಥೆ ಹುಟ್ಟಿದೆ. 'ಅಫಾನೇಸ್' ಎಂದರೆ ಅದೃಶ್ಯ. ಆದುದರಿಂದ ಅವಳು ಬೆಸ್ತನೊಬ್ಬನ ಕೈಗೆ ಸಿಕ್ಕದೆ ತೋಪಿನಲ್ಲಿ ಮಾಯವಾದಳೆಂದು ಆಂಟೊನೀನಸ್ ಲಿಬೆರಾಲಿಸ್ ಎಂಬ ಕಥಾಸಂಗ್ರಹಕಾರನು ಹೇಳುವನು. ಆಶ್ಚರ್ಯವೇನೆಂದರೆ, ಈಚಿನ ಕಾಲದಲ್ಲಿ ಈ ದೇವಿಯು ವಾಸ್ತವವಾಗಿಯೇ ಅದೃಶ್ಯಳಾದಳು. ಕ್ರಿ. ಪೂ. 500ರ ಸುಮಾರಿಗೆ ಕಟ್ಟಿದ ಆ ದೇವಾಲಯವು ಬೆಟ್ಟದ ಮೇಲೆ ಕಣ್ಣಿಗೆ ಕಾಣುವಂತೆ ನಿಂತೇ ಇತ್ತು. 1811ರಲ್ಲಿ ಆಂಗ್ಲ ಮತ್ತು ಜರ್ಮನ್ ಶಿಲ್ಪಶಾಸ್ತ್ರಜ್ಞರ ತಂಡವೊಂದು ಅದರ ವಿಗ್ರಹಗಳನ್ನು ಹೊರತೆಗೆಯಿತು. ಬವೇರಿಯಾದ ಯುವರಾಜನಾದ ಲುಡ್ವಿಗನು ಅವುಗಳನ್ನು ಕೊಂಡನು. ಅವು ಇಂದಿಗೂ ಮ್ಯೂನಿಕ್ ನಗರದ ಸಂಗ್ರಹಾಲಯದಲ್ಲಿವೆ. ಆದರೆ ಗುಡಿಯು ಯಾರದು? ಸ್ಯೂಸನದೆಂದು ಕೆಲವರು, ಮುಂಬದಿಯ ಶಿಲ್ಪದ ನಡುವೆ ಅಥೀನಾ ಇರುವುದರಿಂದ ಅವಳದೇ ಎಂದು ಕೆಲವರು. ಸುಮಾರು ತೊಂಬತ್ತು ವರ್ಷಗಳು ಹೀಗೆ ಕಳೆದವು. 1901ರಲ್ಲಿ ಜರ್ಮನ್ ವಿದ್ವಾಂಸ ಫುರ್ಟ್‌ವೆಂಗ್ಲರನು ಅಲ್ಲಿ ಅಗೆಯಿಸಿದಾಗ ಕ್ರಿ. ಪೂ. 6ನೆಯ ಶತಮಾನದ ಶಾಸನವೊಂದು ದೊರೆಯಿತು. ಅಫಾಯಾ ದೇವಿಗೆ ಮನೆಯನ್ನೂ ಬಲಿಪೀಠವನ್ನೂ ಮಾಡಿಸಿದ ಸಂಗತಿಯು ಅದರಲ್ಲಿತ್ತು. ಪೌಸೇನಿಯಸನ ಮಾತು ನಿಜವಾಯಿತು. ಆ ಸ್ಥಳದಲ್ಲಿ ದೊರೆತ ಸ್ತ್ರೀರೂಪದ ಮಣ್ಣಿನ ಬೊಂಬೆಗಳಿಂದ, ದೇವಾಲಯವು ಏಳುವುದಕ್ಕೆ ಆರೇಳು ಶತಮಾನಗಳ ಹಿಂದೆಯೇ ಅಲ್ಲಿ ದೇವಿಯೊಬ್ಬಳಿಗೆ ಪೂಜೆ ನಡೆಯುತ್ತಿತ್ತೆಂದು ತಿಳಿದುಬಂದಿದೆ. ಇಜೈನಾದ ದೇವಿಯೂ ಕ್ರೀಟಿನ ದೇವಿಯೂ ಮೂಲದಲ್ಲಿ ಒಬ್ಬಳೇ ಆಗಿದ್ದರೋ, ಬಳಿಕ ಒಂದಾದರೋ, ಅದು ಬೇರೆ ಮಾತು. ಇಜೈನಾದವರು ಕ್ರಿ. ಪೂ. 519ರ ಸುಮಾರಿಗೆ ಕೈಡೋನಿಯಾವನ್ನು ಗೆದ್ದುದನ್ನು ಹೆರೊಡೋಟಸನು ಬರೆದಿರುವುದರಿಂದ ಎರಡು ಕಡೆಯವರಿಗೂ ಸಂಬಂಧವಿದ್ದುದು ನಿಶ್ಚಯ. ಅದಕ್ಕೆ ಹಿಂದಿನ ಐದು ವರ್ಷ ಕೈಡೋನಿಯಾದಲ್ಲಿ ನೆಲೆಸಿದ್ದ ಸೇಮೋಸ್ ದ್ವೀಪದವರು ಡಿಕ್ಟಿನ್ನಾ ದೇವಿಗೆ ಗುಡಿಯನ್ನು ಕಟ್ಟಿಸಿದರೆಂದೂ ಅವನ ಗ್ರಂಥದಲ್ಲಿದೆ.

ಡಿಕ್ಟಿನ್ನಾ ದೇವಿಯ ಮುಖ್ಯಕ್ಷೇತ್ರವು ಕ್ರೀಟಿನ ವಾಯವ್ಯ ಮೂಲೆಯಲ್ಲಿ, ಈಗ ಸ್ಪಾಥಾ ಎನಿಸುವ ಭೂಶಿರದ ಬಳಿ ಇತ್ತು. ರೋಮನರ ಆಳಿಕೆಯಲ್ಲಿಯೂ ಅದರ ವೈಭವವು ಕುಂದಲಿಲ್ಲ. 2ನೆಯ ಶತಮಾನದಲ್ಲಿ, ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಅಮೃತಶಿಲೆಯ ದೇವಾಲಯವು ಅಲ್ಲಿ ಎದ್ದಿತು. ದೇವಿಯ ಭಂಡಾರದಿಂದ ಲೋಕೋಪಯೋಗಿ ಕಾರ್ಯಗಳಿಗೆ ಹಣವು ವೆಚ್ಚವಾದುದನ್ನು ಆ ಕಾಲದ ಶಾಸನಗಳು ತಿಳಿಸುತ್ತವೆ. ಟಯಾನಾ ಊರಿನ ಅಪೊಲೋನಿಯಸ್ ಎಂಬ ಸಾಧುವಿನ ಚರಿತ್ರೆಯನ್ನು 3ನೆಯ ಶತಮಾನದಲ್ಲಿ ಬರೆದ ಫಿಲೊಸ್ಟ್ರಾಟಸನು ಈ ಗುಡಿಯ ಪ್ರಸ್ತಾಪವನ್ನು ಮಾಡಿರುವನು. ಈ ಅಪೊಲೋನಿಯಸನೇ ತಕ್ಷಶಿಲೆಗೆ ಬಂದು ಬ್ರಾಹ್ಮಣರೊಡನೆ ಸಂವಾದಮಾಡಿದನೆಂದು ಅದೇ ಗ್ರಂಥದಲ್ಲಿದೆ. ಗುಡಿಯ ಐಶ್ವರ್ಯವನ್ನು ಕರಡಿಗಳಿಗೆ ಸಮನಾದ ಬೇಟೆನಾಯಿಗಳು ಕಾಯುತ್ತಿದ್ದುವಂತೆ. ಸಾಧುವು ರಾತ್ರಿಯಲ್ಲಿ ಬಂದಾಗ ಅವು ಬೊಗಳದೆ ಬಾಲವನ್ನಾಡಿಸಲು, ಅರ್ಚಕರು ಅವನನ್ನು ಮಾಟಗಾರನೂ ಕಳ್ಳನೂ ಎಂದು ಕಟ್ಟಿಹಾಕಿದರು. ನಡುರಾತ್ರಿಯಲ್ಲಿ ಅವನು ಕಟ್ಟನ್ನು ಬಿಡಿಸಿಕೊಂಡು ಗುಡಿಯೊಳಕ್ಕೆ ಹೋದನು, ಬಾಗಿಲುಗಳು ತಾವಾಗಿ ತೆರೆದು ಮುಚ್ಚಿಕೊಂಡವು, ಒಳಗಿನಿಂದ ಕನ್ಯೆಯರ ಗಾನವು ಕೇಳಿಬಂದಿತು ಎಂಬುದು ಅವನ ಅವಸಾನವನ್ನು ಕುರಿತ ಕಥೆಗಳಲ್ಲಿ ಒಂದು. ಇದನ್ನು ಯಾರೂ ಚರಿತ್ರೆಯೆಂದು ನಂಬಬೇಕಾಗಿಲ್ಲ. ಆದರೆ ಮಹಾಪುರುಷನೊಬ್ಬನು ಲೋಕವನ್ನು ಬಿಡುವುದಕ್ಕೆ ಯೋಗ್ಯವಾದ ಸ್ಥಳವೆಂದು ಈ ಗುಡಿಯನ್ನು ಜನರು ಎಣಿಸಿದ್ದರೆಂಬುದು ಚರಿತ್ರೆಯೇ.

ಇಷ್ಟರಿಂದ ನಾವು ಮುಟ್ಟುವ ನಿರ್ಣಯವಿದು. ಕ್ಯಾಲಿಮಾಕಸನು ಸುಳ್ಳುಗಾರನಲ್ಲ, ಯವನಭಾಷೆಯವರು ಅನೇಕ ತಲೆಮಾರುಗಳಿಂದ ತಮಗೆ ತಿಳಿಯದ ಹೆಸರುಗಳಿಗೆ ಹೇಳಿಕೊಂಡು ಬಂದ ಅರ್ಥಗಳನ್ನು ಅವನು ಸೊಗಸಾಗಿ ಹೆಣೆದನು. ಆದರೆ ಅವನ ಸೊಗಸೇ ಕೋಶಗಳಿಗೆ ಪ್ರಮಾಣವಾಯಿತು. ಬೆಟ್ಟದ ಒಡತಿಯಾಗಿದ್ದವಳು ಅದೇ ಬೆಟ್ಟದಲ್ಲಿ ಓಡಿ ಅಡಗುವವಳಾದಳು; ಬಲೆಯನ್ನು ಬೀಸತಕ್ಕವಳು ಬಲೆಗೆ ಬಿದ್ದವಳಾದಳು. ಆಳುವವರ ಭಾಷೆಯಲ್ಲಿ ಸೋತವರ ದೇವರ ಚರಿತ್ರೆಯನ್ನು ಬರೆದಾಗ ಹೀಗಾಗುವುದು ಸ್ವಾಭಾವಿಕ. ಸೋತವರಿಗೆ ಗ್ರಂಥಗಳಿರಲಿಲ್ಲ, ಇದ್ದ ಬರಹವನ್ನು ಓದುವವರು ಉಳಿಯಲಿಲ್ಲ. ಅವರಿಗೆ ಉಳಿದದ್ದು ಪೂಜೆ, ಆಣೆ, ಒಂದು ಗಿಡವನ್ನು ಮುಟ್ಟಬಾರದೆಂಬ ಕಟ್ಟಳೆ. ಇವುಗಳನ್ನು ಮಾತ್ರ ಅವರು ಬಿಡದೆ ಹಿಡಿದುಕೊಂಡು ಬಂದರು.

ಪಾಠಶಾಲೆಯಲ್ಲಿ ಓದಿದ ನನ್ನಂಥವರಿಗೆ ಗ್ರಂಥದ ಮೇಲೆ ವಿಶ್ವಾಸವು ಹೆಚ್ಚು. ಅದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಪೌಸೇನಿಯಸನ ಗ್ರಂಥವಿಲ್ಲದಿದ್ದರೆ ಇಜೈನಾದ ಶಾಸನದಲ್ಲಿರುವ ಅಫಾಯಾ ಯಾರೆಂಬುದು ಇಷ್ಟು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ. ಆದರೆ ಶಬ್ದವೂ ಶಿಲೆಯೂ ಬೇರೆ ಬೇರೆ ಮಾತನ್ನಾಡಿದಾಗ, ಕವಿಯು ಏನನ್ನು ಹಾಡಿದನೆಂಬುದರ ಜೊತೆಗೆ ಊರಿನವರು ಯಾರ ಮೇಲೆ ಆಣೆಯಿಟ್ಟರೆಂಬುದನ್ನೂ ಕೇಳಬೇಕು. ಇಜೈನಾದ ಬೆಟ್ಟದ ಮೇಲೆ ಆ ದೇವಾಲಯದ ಇಪ್ಪತ್ತೈದು ಕಂಬಗಳು ಇಂದಿಗೂ ನಿಂತಿವೆ. ಡ್ರೆರೋಸಿನ ಶಿಲೆಯಲ್ಲಿ ಅವಳ ಹೆಸರು ಇನ್ನೂ ಓದಲು ಬರುವಂತಿದೆ. ಮುಂದೆ ಯಾವ ಕೋಶದಲ್ಲಿಯಾದರೂ 'ಆರ್ಟೆಮಿಸಳ ಸಖಿ' ಎಂಬ ಮಾತನ್ನು ಕಂಡ ವಾಚಕ ಮಹಾಶಯರು ಈ ಎರಡನ್ನೂ ನೆನೆದುಕೊಂಡರೆ ಈ ಲೇಖನವನ್ನು ಬರೆದ ಶ್ರಮವು ಸಾರ್ಥಕವಾಯಿತೆಂದು ತಿಳಿಯುವೆನು.